ಚಳಿಗಾಲದ ತೋಟದ ಕೆಲಸ: ಮುಳ್ಳಿನ ಗಿಡಗಳನ್ನು ಇಟ್ಟುಕೊಳ್ಳೋದಾ, ಕಿತ್ತು ಹಾಕೋದಾ?

ಹಿತ್ತಲ ಮನೆ (ಚಿಕ್ಕಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ನಮ್ಮದು ಊರಂಚಿನ ಬಡಾವಣೆಯಲ್ಲಿ ಒಂದು ಮನೆ. ಸುತ್ತ ಸ್ವಲ್ಪ ಜಾಗ ಇದೆ. ಮುಂದೆ ಗುಲಾಬಿ ಗಿಡಗಳು, ಗೇಟಿನ ಮೇಲೆ ಬೋಗನ್‌ವಿಲ್ಲಾ, ಹಿತ್ತಲಲ್ಲಿ ಒಂದು ನಿಂಬೆ, ಒಂದು ದಾಳಿಂಬೆ. ಮೂಲೆಯಲ್ಲಿ ಹಳೇ ಕಾಲದ ಪಾಪಾಸುಕಳ್ಳಿಯ ಗುಂಪು. ಪಕ್ಕದ ಖಾಲಿ ಸೈಟಿನಿಂದ ಲಂಟಾನ ಒಳಗೆ ನುಗ್ಗುತ್ತಿದೆ. ಇಷ್ಟು ವರ್ಷ ಇದನ್ನೆಲ್ಲ ಮಾವನವರೇ ನೋಡಿಕೊಳ್ಳುತ್ತಿದ್ದರು. ಈಗ ಅವರಿಗೆ ಕೈ ನಡುಗುತ್ತದೆ, ಸಕ್ಕರೆ ಕಾಯಿಲೆ ಬೇರೆ. ಗಾಯ ಮಾಡಿಕೊಳ್ಳಲೇಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಹಾಗಾಗಿ ಕತ್ತರಿ ನನ್ನ ಕೈಗೆ ಬಂದಿದೆ.

ಮಳೆ ನಿಂತಿದೆ. ಬೆಳಿಗ್ಗೆ ದಟ್ಟ ಮಂಜು, ಮಧ್ಯಾಹ್ನ ಒಳ್ಳೆ ಬಿಸಿಲು. ಈಗ ಯಾವ ಗಿಡ ಸವರಬೇಕು, ಯಾವುದನ್ನು ಮುಟ್ಟಬಾರದು? ಮುಳ್ಳು ಚುಚ್ಚದ ಹಾಗೆ ಕೆಲಸ ಮಾಡೋದು ಹೇಗೆ? ನಮ್ಮ ಯಜಮಾನರು ಎಲ್ಲಾ ಕಿತ್ತು ಹುಲ್ಲು ಹಾಸೋಣ ಅಂತಾರೆ. ಮಗಳು ಇನ್ನೂ ಚಿಕ್ಕವಳು, ಅವರ ಭಯ ಸುಳ್ಳಲ್ಲ. ಆದರೆ ಮಾವನವರಿಗೆ ಅದು ಇಷ್ಟ ಇಲ್ಲ, ಬಾಯಿಬಿಟ್ಟು ಹೇಳಲ್ಲ ಅಷ್ಟೇ. ನನಗೂ ಇಷ್ಟ ಇಲ್ಲ.

ಗುಲಾಬಿ ಬೆಳೆಗಾರ (ಚಿಕ್ಕಬಳ್ಳಾಪುರ ತಾಲ್ಲೂಕು)

ಅಕ್ಕ, ಗುಲಾಬಿ ಕೀಳಬೇಡಿ. ನಮ್ಮ ಜಿಲ್ಲೆಯ ಕೆಂಪು ಮಣ್ಣು, ಈ ಚಳಿ, ಈ ಬಿಸಿಲು ಗುಲಾಬಿಗೆ ಹೇಳಿ ಮಾಡಿಸಿದ್ದು. ಸುಮ್ನೆ ಇಷ್ಟೊಂದು ಜನ ಇಲ್ಲಿ ಗುಲಾಬಿ ಹಾಕಿಲ್ಲ.

ಸವರೋದಕ್ಕೆ ನಾವು ಲೆಕ್ಕ ಹಿಂದಿನಿಂದ ಹಾಕುತ್ತೇವೆ. ಕೊಂಬೆ ಕತ್ತರಿಸಿದ ಮೇಲೆ ಹೂ ಬರೋಕೆ ಸುಮಾರು 45 ದಿನ. ಚಳಿ ಜಾಸ್ತಿ ಇದ್ದರೆ ಇನ್ನೂ ಕೆಲವು ದಿನ ಹಿಡಿಯುತ್ತೆ. ಸಂಕ್ರಾಂತಿಗೆ ಹೂ ಬೇಕಾದರೆ ನವೆಂಬರ್ ಕೊನೆಯೊಳಗೆ ಸವರಿರಬೇಕು. ಫೆಬ್ರವರಿ 14ರ ಮಾರುಕಟ್ಟೆಗೆ ಬೆಳೆಯುವವರು ಡಿಸೆಂಬರ್ ಕೊನೆಯೊಳಗೆ ಆ ಕೆಲಸ ಮುಗಿಸಿಕೊಳ್ಳುತ್ತಾರೆ. ಮನೆಗಾದರೆ ಇಷ್ಟು ಕರಾರುವಾಕ್ಕು ಬೇಡ. ಡಿಸೆಂಬರ್‌ನಲ್ಲಿ ಯಾವತ್ತು ಬೇಕಾದರೂ ಮಾಡಿ. ಒಂದೇ ಮಾತು, ಬೆಳಿಗ್ಗೆ ಬೇಗ ಮಾಡಬೇಡಿ. ಇಬ್ಬನಿ ಪೂರ್ತಿ ಆರಲಿ. ಒದ್ದೆ ಕೊಂಬೆ ಕತ್ತರಿಸಿದರೆ ಗಾಯದಿಂದ ರೋಗ ಇಳಿಯುತ್ತೆ. ಗ್ಲೌಸು ಒದ್ದೆಯಾದರೆ ಕೈ ಜಾರುತ್ತೆ, ಮುಳ್ಳು ಚುಚ್ಚೋದು ಆವಾಗಲೇ.

ಮೊದಲು ಒಣಗಿದ ಕೊಂಬೆ, ಕಪ್ಪಾದ ಕೊಂಬೆ ತೆಗೀರಿ. ಒಳಗಡೆ ಬಿಳಿ ಅಥವಾ ಹಸಿರು ತಿರುಳು ಕಾಣುವ ತನಕ ಕೆಳಗೆ ಬನ್ನಿ. ಕಂದು ಬಣ್ಣ ಇದ್ದರೆ ಇನ್ನೂ ಕೆಳಗೆ ಹೋಗಿ. ಆಮೇಲೆ ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆಯಿರಿ. ಉಳಿದದ್ದನ್ನು ಅರ್ಧ ಎತ್ತರಕ್ಕೆ ಇಳಿಸಿ. ಕಣ್ಣು, ಅಂದರೆ ಚಿಗುರು ಒಡೆಯುವ ಜಾಗ, ಹೊರಗಡೆ ಮುಖ ಮಾಡಿರಬೇಕು. ಅದರ ಮೇಲೆ ಕಾಲು ಇಂಚು ಬಿಟ್ಟು ಓರೆಯಾಗಿ ಕತ್ತರಿಸಿ. ಕಸಿ ಗಂಟಿನ ಕೆಳಗಿಂದ ಬಂದ ಚಿಗುರನ್ನು ಬುಡದಲ್ಲೇ ಕಿತ್ತು ಹಾಕಿ. ಅದು ಬೇರುಗಿಡದ್ದು, ಅಂದರೆ ಕಸಿ ಕಟ್ಟಿದ ಕೆಳಗಿನ ಗಿಡದ್ದು. ಬಿಟ್ಟರೆ ಕಸಿ ಗಿಡದ ಸತ್ವವನ್ನೆಲ್ಲ ಅದೇ ಎಳೆದುಕೊಳ್ಳುತ್ತೆ.

ಸವರಿದ ಮೇಲೆ ಬುಡ ಬಿಡಿಸಿ, ಕಳೆತ ಕೊಟ್ಟಿಗೆ ಗೊಬ್ಬರ ಮತ್ತು ಎರಡು ಹಿಡಿ ಬೇವಿನ ಹಿಂಡಿ ಕೊಡಿ. ಈ ಮಂಜಿಗೆ ಎಲೆ ಮೇಲೆ ಬೂದಿ ರೋಗ ಬರುತ್ತೆ, ಎಳೆ ಚಿಗುರು ಮುರುಟಿಕೊಂಡು ಬಿಳಿ ಹಿಟ್ಟು ಬಳಿದ ಹಾಗೆ ಕಾಣುತ್ತೆ. ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಹಾಕಿ ಸಿಂಪಡಿಸಿ. ಬಿಸಿಲು ಏರಿದ ಮೇಲೆ ಸಿಂಪಡಿಸಬೇಡಿ, ಎಲೆ ಸುಡುತ್ತೆ.

ತಾರಸಿ ತೋಟ (ಕೋಲಾರ)

ಅರ್ಧಕ್ಕೆ ಇಳಿಸೋದು ಕಸಿ ಗುಲಾಬಿಗೆ ಸರಿ. ನಾಟಿ ಗುಲಾಬಿಗೆ, ಪನ್ನೀರು ಗುಲಾಬಿಗೆ ಅಷ್ಟು ಆಳವಾಗಿ ಕತ್ತರಿ ಹಾಕಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಹಳೇ ಪನ್ನೀರು ಗಿಡಕ್ಕೆ ಒಣ ಕಡ್ಡಿ ತೆಗೆದು, ತುದಿ ಚಿವುಟಿ, ಮೂರು ನಾಲ್ಕು ವರ್ಷ ಹಳೆಯದಾದ ಒಂದೆರಡು ಕೊಂಬೆಯನ್ನು ಮಾತ್ರ ಬುಡದಿಂದ ತೆಗೆದರೆ ಸಾಕು. ಮಾವನವರ ಕಾಲದ ಗಿಡ ಅಂದ ಮೇಲೆ ನಾಟಿ ಇರುವ ಸಂಭವ ಜಾಸ್ತಿ. ಮೊದಲು ಅವರನ್ನೇ ಕೇಳಿ ಯಾವುದು ಯಾವುದು ಅಂತ. ಅವರು ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತು ತೋರಿಸಲಿ, ನೀವು ಕತ್ತರಿಸಿ. ಅವರಿಗೂ ಸಮಾಧಾನ ಆಗುತ್ತೆ.

ಪನ್ನೀರು ಗಿಡದ ಮುಳ್ಳು ಸಣ್ಣದು, ಒತ್ತೊತ್ತಾಗಿ ಇರುತ್ತೆ. ದೊಡ್ಡ ಮುಳ್ಳಿಗಿಂತ ಅದೇ ಹಿಂಸೆ.

ಗುಲಾಬಿ ಬೆಳೆಗಾರ (ಚಿಕ್ಕಬಳ್ಳಾಪುರ ತಾಲ್ಲೂಕು)

ಒಪ್ಪಿದೆ. ನಾನು ಹೇಳಿದ್ದು ಕಸಿ ಗಿಡದ ಲೆಕ್ಕ. ಕುರ್ಚಿ ಹಾಕಿ ಕೂರಿಸುವ ಮಾತು ತುಂಬಾ ಇಷ್ಟ ಆಯ್ತು.

ಗುಬ್ಬಿ ಮೇಷ್ಟ್ರು (ತುಮಕೂರು ಜಿಲ್ಲೆ)

ಮುಳ್ಳಿನ ಗಿಡದ ಜೊತೆ ಕೆಲಸ ಮಾಡುವವರು ಮುಳ್ಳು ಎಲ್ಲಿಂದ ಹುಟ್ಟಿದೆ ಅಂತ ನೋಡಿಕೊಂಡರೆ ಅರ್ಧ ಕಷ್ಟ ಕಡಿಮೆ. ಗುಲಾಬಿ ಮುಳ್ಳು ಸಿಪ್ಪೆಯ ಮೇಲೆ ಕೂತಿರುತ್ತೆ. ಪಕ್ಕದಿಂದ ಹೆಬ್ಬೆರಳಲ್ಲಿ ಒತ್ತಿದರೆ ಟಕ್ ಅಂತ ಬಿದ್ದುಹೋಗುತ್ತೆ. ದಾರಿಯ ಕಡೆ ಚಾಚಿದ ಕೊಂಬೆಗಳಲ್ಲಿ, ಮಗು ಕೈಗೆ ಎಟುಕುವ ಎತ್ತರದಲ್ಲಿ ನಾಲ್ಕು ಮುಳ್ಳು ಹಾಗೆ ತೆಗೆದುಬಿಡಬಹುದು. ಗಿಡಕ್ಕೆ ಏನೂ ಆಗಲ್ಲ.

ನಿಂಬೆ, ದಾಳಿಂಬೆ, ಬೋಗನ್‌ವಿಲ್ಲಾ ಹಾಗಲ್ಲ. ಅವುಗಳ ಮುಳ್ಳು ಅಂದರೆ ಕೊಂಬೆಯೇ ಮುಳ್ಳಾಗಿರೋದು, ಒಳಗಿನ ಕಟ್ಟಿಗೆಗೆ ಸೇರಿಕೊಂಡಿರುತ್ತೆ. ಒತ್ತಿದರೆ ಬರಲ್ಲ, ಕೈಗೇ ಹೋಗುತ್ತೆ. ಕತ್ತರಿಯಲ್ಲಿ ತುದಿ ಮಾತ್ರ ಕತ್ತರಿಸಿ. ಕಳ್ಳಿಯದ್ದು ಮೂರನೇ ಥರ, ಎಲೆಯೇ ಮುಳ್ಳಾಗಿರೋದು. ಪಾಪಾಸುಕಳ್ಳಿಯಲ್ಲಿ ದೊಡ್ಡ ಮುಳ್ಳಿನ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮದಂಥ ಮುಳ್ಳುಗಳ ಗೊಂಚಲು ಇರುತ್ತೆ. ನಿಜವಾಗಿ ಹೆದರಬೇಕಾದ್ದು ಅದಕ್ಕೆ.

ಬೋಗನ್‌ವಿಲ್ಲಾಗೆ ಈಗ ಜೋರಾಗಿ ಕತ್ತರಿ ಹಾಕಬೇಡಿ ಮೇಡಂ. ಹಗಲು ಚಿಕ್ಕದಾದಾಗ, ಬೇರಿಗೆ ನೀರು ಕಡಿಮೆಯಾದಾಗ ಅದು ಹೂ ಬಿಡುವ ಗಿಡ. ಹೂ ಬರೋದು ಹೊಸ ಕೊಂಬೆಯ ತುದಿಯಲ್ಲಿ. ಈಗ ಸವರಿದರೆ ಜನವರಿಯಿಂದ ಬೇಸಿಗೆವರೆಗಿನ ಹೂವನ್ನೆಲ್ಲ ನೀವೇ ಕತ್ತರಿಸಿ ಹಾಕಿದ ಹಾಗೆ. ಗೇಟಿಗೆ ಅಡ್ಡ ಬಂದ, ತಲೆ ಎತ್ತರದಲ್ಲಿ ಜೋತುಬಿದ್ದ ಉದ್ದ ಚಾಟಿ ಕೊಂಬೆಗಳನ್ನು ಮಾತ್ರ ತೆಗೀರಿ. ಅವು ಕಣ್ಣಿಗೆ ಚುಚ್ಚುವ ಅಪಾಯ ಇದೆ. ನೀರು ಕಡಿಮೆ ಮಾಡಿ. ದೊಡ್ಡ ಸವರಿಕೆ ಹೂ ಮುಗಿದು, ಮುಂಗಾರು ಶುರುವಾಗುವ ಹೊತ್ತಿಗೆ.

ಹಿತ್ತಲ ಮನೆ (ಚಿಕ್ಕಬಳ್ಳಾಪುರ)

ತುಂಬಾ ಉಪಕಾರ ಆಯ್ತು ಮೇಷ್ಟ್ರೇ. ಬೋಗನ್‌ವಿಲ್ಲಾಗೆ ದಿನಾ ನೀರು ಬಿಡುತ್ತಿದ್ದೆವು, ನಾಳೆಯಿಂದ ನಿಲ್ಲಿಸುತ್ತೇನೆ. ನಿಂಬೆ, ದಾಳಿಂಬೆ ಬಗ್ಗೆ ಯಾರಾದರೂ ಹೇಳಿ. ನಿಂಬೆ ಕಾಯಿ ಮೇಲೆ ಕಂದು ಕಜ್ಜಿ ಥರ ಬಂದಿದೆ.

ಹಣ್ಣಿನ ತೋಟ (ಶ್ರೀನಿವಾಸಪುರ)

ಆ ಕಜ್ಜಿಗೂ ಮುಳ್ಳಿಗೂ ಸಂಬಂಧ ಇದೆ. ಗಾಳಿಗೆ ಕೊಂಬೆ ಅಲ್ಲಾಡಿದಾಗ ನಿಂಬೆಯ ಮುಳ್ಳು ಅದರ ಎಲೆಗೇ, ಕಾಯಿಗೇ ಗೀರುತ್ತೆ. ಆ ಗಾಯದಿಂದ ಕಜ್ಜಿ ರೋಗದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತೆ. ಎಲೆ ಸುರಂಗ ಹುಳು ಕೊರೆದ ಜಾಗದಿಂದಲೂ ಹೋಗುತ್ತೆ. ಅದಕ್ಕೇ ನಿಂಬೆಯಲ್ಲಿ ಮೊದಲ ಕೆಲಸ ನೀರು ಚಿಗುರು ತೆಗೆಯೋದು. ದಪ್ಪ ಕೊಂಬೆಯಿಂದ ನೆಟ್ಟಗೆ ಮೇಲಕ್ಕೆ ಹೋಗಿರುತ್ತಲ್ಲ, ಕಡು ಹಸಿರು, ಬೆರಳುದ್ದ ಮುಳ್ಳು, ಅವೇ. ಕಾಯಿ ಕಚ್ಚಲ್ಲ, ಮುಳ್ಳು ಮಾತ್ರ ಜಾಸ್ತಿ. ಬುಡಕ್ಕೆ ಕತ್ತರಿಸಿ. ನೆಲ ಮುಟ್ಟುವ ಕೊಂಬೆಗಳನ್ನೂ ಒಂದು ಮೊಳ ಎತ್ತರಕ್ಕೆ ಏರಿಸಿ. ಆಗ ಬಗ್ಗಿ ಹಣ್ಣು ಆರಿಸುವಾಗ ಬೆನ್ನಿಗೆ ಗೀರಲ್ಲ.

ಕಜ್ಜಿ ಹಿಡಿದ ಕೊಂಬೆ ತೆಗೆದ ಮೇಲೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಿ. 10 ಲೀಟರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಐದೈದು ಲೀಟರ್ ನೀರಿಗೆ ಕರಗಿಸಿ, ಮೂರನೇ ಬಕೆಟ್‌ಗೆ ಒಟ್ಟಿಗೆ ಸುರಿಯಬೇಕು. ಕಬ್ಬಿಣದ, ತಗಡಿನ ಪಾತ್ರೆ ಬೇಡವೇ ಬೇಡ. ಶುದ್ಧ ಚಾಕು ಒಂದನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಅದರ ಮೇಲೆ ಕೆಂಪು ಕಂದು ಪದರ ಕಟ್ಟಿದರೆ ಮೈಲುತುತ್ತ ಜಾಸ್ತಿಯಾಗಿದೆ ಅಂತ ಅರ್ಥ, ಇನ್ನಷ್ಟು ಸುಣ್ಣದ ತಿಳಿ ಹಾಕಿ. ಮಾಡಿದ ದಿನವೇ ಉಪಯೋಗಿಸಿ. ದಪ್ಪ ಕೊಂಬೆ ಕತ್ತರಿಸಿದ ಗಾಯಕ್ಕೆ ಇದೇ ಎರಡು ವಸ್ತುವಿನ ಮುಲಾಮು ಬಳಿಯಬಹುದು. ಆಗ ಅಷ್ಟೇ ತೂಕಕ್ಕೆ 1 ಲೀಟರ್ ನೀರು ಮಾತ್ರ.

ದಾಳಿಂಬೆಗೆ ಬುಡದ ಸುತ್ತ ಬಂದ ಮರಿಗಳನ್ನೆಲ್ಲ ತೆಗೆದು ಮೂರೋ ನಾಲ್ಕೋ ಕಾಂಡ ಉಳಿಸಿ. ದುಂಡಾಣು ಅಂಗಮಾರಿ ಚುಕ್ಕೆ ಇದ್ದರೆ ಎರಡು ಇಂಚು ಕೆಳಗೆ ಕತ್ತರಿಸಿ, ಪ್ರತಿ ಗಿಡಕ್ಕೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ರೋಗದ ಕೊಂಬೆಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ.

ಮಾವು ಇದ್ದವರು ಈಗ ಕತ್ತರಿ ಕೆಳಗಿಡಿ. ಹೂ ಬಿಡುವ ಹೊತ್ತು.

ದಾದಿ ಅಕ್ಕ (ತುಮಕೂರು)

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಮುಳ್ಳು ಚುಚ್ಚಿ, ಅದನ್ನು ಅಲಕ್ಷ್ಯ ಮಾಡಿ, ಕೈ ಊದಿಸಿಕೊಂಡು ಬರುವ ಜನರನ್ನು ಪ್ರತಿ ಚಳಿಗಾಲ ನೋಡುತ್ತೇನೆ. ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಕಡೆ ಮುಳ್ಳು ಚುಚ್ಚಿದರೆ ಎಕ್ಕದ ಹಾಲು ಹಚ್ಚುವ ರೂಢಿ ಇದೆ. ಬೇಡ. ಅದು ಚರ್ಮ ಸುಡುತ್ತೆ. ಅದೇ ಕೈಯಲ್ಲಿ ಕಣ್ಣು ಉಜ್ಜಿದರೆ ಕಣ್ಣಿನ ಪಾರದರ್ಶಕ ಪದರವೇ ಊದಿಕೊಂಡು ದೃಷ್ಟಿ ಮಂಜಾಗುತ್ತೆ. ಹಾಲು ಬರುವ ಕಳ್ಳಿ ಜಾತಿಗಳದ್ದೂ ಅಷ್ಟೇ ಅಪಾಯ. ಹಾಲು ಸುರಿಸುವ ಮುಳ್ಳಿನ ಗಿಡ ಕತ್ತರಿಸುವಾಗ ಕನ್ನಡಕ ಹಾಕಲೇಬೇಕು. ಕಣ್ಣಿಗೆ ಬಿದ್ದರೆ ತಕ್ಷಣ ಧಾರಾಳವಾಗಿ ನೀರು ಹಾಕಿ ತೊಳೆಯುತ್ತಾ ಆಸ್ಪತ್ರೆಗೆ ಹೊರಡಿ.

ಮುಳ್ಳನ್ನು ಮುಳ್ಳಿಂದ ತೆಗೀಬೇಕು ಅಂತ ನಿಂಬೆ ಮುಳ್ಳಲ್ಲಿ ಕೆದಕುವವರೂ ಇದ್ದಾರೆ. ಅದರ ಬದಲು ಸೋಪಿನಲ್ಲಿ ಕೈ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಚಿಮಟದಿಂದ, ಮುಳ್ಳು ಹೋದ ದಾರಿಯಲ್ಲೇ ಹಿಂದಕ್ಕೆ ಎಳೀರಿ. ಗಂಟಿನ ಹತ್ತಿರ, ಅಂದರೆ ಬೆರಳ ಸಂದು, ಮೊಣಕಾಲ ಹತ್ತಿರ ಮುಳ್ಳು ಮುರಿದುಕೊಂಡಿದ್ದರೆ ಮನೆಯಲ್ಲಿ ಕೆದಕಬೇಡಿ. ಈಚಲು ಮುಳ್ಳಿನ ಚೂರು ಒಳಗೆ ಉಳಿದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಆ ಗಂಟು ಊದಿಕೊಂಡೇ ಇರುತ್ತೆ. ಜನ ಅದನ್ನು ವಾತ ಅಂದುಕೊಳ್ಳುತ್ತಾರೆ.

ಗುಲಾಬಿ ಮುಳ್ಳಿನಿಂದ ಬರುವ ಒಂದು ಶಿಲೀಂಧ್ರ ರೋಗ ಇದೆ, ಸ್ಪೋರೋಟ್ರೈಕೋಸಿಸ್ ಅಂತ. ಮಣ್ಣಲ್ಲಿ, ಕೊಳೆತ ಸೊಪ್ಪಲ್ಲಿ ಇರುವ ಶಿಲೀಂಧ್ರ ಗಾಯದಿಂದ ಒಳಗೆ ಹೋಗುತ್ತೆ. ಚುಚ್ಚಿದ ಜಾಗದಲ್ಲಿ ನೋವಿಲ್ಲದ ಗಂಟು ಬರುತ್ತೆ, ಆಮೇಲೆ ಕೈ ಉದ್ದಕ್ಕೂ ಒಂದರ ಮೇಲೊಂದು ಗಂಟು ಸಾಲಾಗಿ ಏರುತ್ತೆ. ಸಾಮಾನ್ಯ ಮುಲಾಮಿಗೆ ಹೋಗಲ್ಲ, ತಿಂಗಳುಗಟ್ಟಲೆ ಮಾತ್ರೆ ಬೇಕು. ಡಾಕ್ಟರ ಹತ್ತಿರ ಹೋದಾಗ ತೋಟದ ಕೆಲಸ ಮಾಡುತ್ತೇನೆ ಅಂತ ತಪ್ಪದೆ ಹೇಳಿ. ಧನುರ್ವಾಯು ಚುಚ್ಚುಮದ್ದು 10 ವರ್ಷಕ್ಕೊಮ್ಮೆ. ಗಾಯಕ್ಕೆ ಮಣ್ಣು, ಸಗಣಿ ತಾಗಿದ್ದರೆ ಮತ್ತು ಕೊನೆಯ ಚುಚ್ಚುಮದ್ದಿಗೆ 5 ವರ್ಷ ಮೀರಿದ್ದರೆ ಆಗಲೇ ಹಾಕಿಸಿಕೊಳ್ಳಿ.

ಇನ್ನು ನಿಮ್ಮ ಮಾವನವರ ವಿಷಯ. ಸಕ್ಕರೆ ಕಾಯಿಲೆ ಇರುವವರಿಗೆ ಕೈಗಿಂತ ಕಾಲಿನ ಚಿಂತೆ ಜಾಸ್ತಿ. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಮುಳ್ಳು ಚುಚ್ಚಿದ್ದೇ ಗೊತ್ತಾಗಲ್ಲ. ಹವಾಯಿ ಚಪ್ಪಲಿಯಲ್ಲಿ ಅವರನ್ನು ತೋಟಕ್ಕೆ ಬಿಡಬೇಡಿ. ಮುಚ್ಚಿದ ಶೂ, ದಪ್ಪ ಅಟ್ಟೆ ಇರಲಿ. ರಾತ್ರಿ ಮಲಗುವ ಮುಂಚೆ ಅಂಗಾಲನ್ನು ಬೆಳಕಲ್ಲಿ ಯಾರಾದರೂ ನೋಡಲಿ.

ಬೆಟ್ಟದ ಬುಡ (ಪಾವಗಡ)

ಅಕ್ಕ ಹೇಳಿದ್ದು ಅಕ್ಷರಶಃ ನಿಜ. ನಮ್ಮ ಕಡೆ ಸೀಮೆಜಾಲಿ ಮುಳ್ಳು ಚಪ್ಪಲಿ ಅಟ್ಟೆ ತೂರಿ ಬರುತ್ತೆ, ಬೈಕಿನ ಟೈರಿಗೂ ಹೋಗುತ್ತೆ.

ಮುಳ್ಳಿನ ಕೆಲಸದಲ್ಲಿ ಕೈ ದೂರ ಇಡೋದೇ ಗುಟ್ಟು. ಊರಲ್ಲಿ ಬೇಲಿ ಕಟ್ಟುವವರನ್ನು ನೋಡಿ. ಒಂದು ಕೈಯಲ್ಲಿ ಮಚ್ಚು, ಇನ್ನೊಂದರಲ್ಲಿ ಕವೆಗೋಲು. ಕವೆಯಲ್ಲಿ ಕೊಂಬೆಯನ್ನು ಒತ್ತಿ ಹಿಡಿದು ಬುಡ ಕತ್ತರಿಸುತ್ತಾರೆ, ಕವೆಯಲ್ಲೇ ಎತ್ತಿ ಬೇಲಿಗೆ ಇಡುತ್ತಾರೆ. ಕೈ ಮುಳ್ಳಿಗೆ ತಾಗೋದೇ ಇಲ್ಲ. ಮನೆ ತೋಟಕ್ಕೂ ಎದೆಯೆತ್ತರದ ಒಂದು ಕವೆಗೋಲು ಕಡಿದು ಇಟ್ಟುಕೊಳ್ಳಿ. ಬೋಗನ್‌ವಿಲ್ಲಾ ಕೊಂಬೆಯನ್ನು ಹೊರಗೆ ಎಳೆಯಲು ಮಾವು ಕೀಳುವ ದೋಟಿ ಸಾಕು. ಉದ್ದ ಕೊಂಬೆಯನ್ನು ಒಂದೇ ಸಲ ಬುಡದಲ್ಲಿ ಕತ್ತರಿಸಿ ಎಳೆಯಬೇಡಿ, ಅದು ಚಾಟಿ ಥರ ತಿರುಗಿ ಮುಖಕ್ಕೆ ಹೊಡೆಯುತ್ತೆ. ತುದಿಯಿಂದ ಮೊಳ ಮೊಳ ತುಂಡು ಮಾಡುತ್ತಾ ಬನ್ನಿ.

ಬಟ್ಟೆ ಗ್ಲೌಸು ಗುಲಾಬಿಗೂ ಸಾಲದು. ವೆಲ್ಡಿಂಗ್ ಮಾಡುವವರು ಹಾಕುವ ಚರ್ಮದ ಗ್ಲೌಸು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ, ಮೊಣಕೈ ಹತ್ತಿರದ ತನಕ ಬರುತ್ತೆ. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ತೋಳಿಗೆ ಹಾಕಿಕೊಂಡರೆ ಮೇಲಿನ ಭಾಗಕ್ಕೂ ರಕ್ಷಣೆ.

ಸೀಮೆಜಾಲಿ ಇದ್ದವರಿಗೆ ಒಂದು ಮಾತು. ಈ ಮರ 1877ರಲ್ಲಿ ಪಕ್ಕದ ಕಡಪ ಕಡೆ ನೆಟ್ಟಿದ್ದು, ಅಲ್ಲಿಂದ ಹಬ್ಬಿ ಹಬ್ಬಿ ನಮ್ಮ ಕೆರೆಗಳನ್ನೆಲ್ಲ ತುಂಬಿದೆ. ಮೇಲೆ ಕಡಿದರೆ ಹತ್ತು ಚಿಗುರು ಬರುತ್ತೆ. ಈಗ ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇದೆ, ಬುಡದ ಸುತ್ತ ಅಗೆದು ನೆಲಕ್ಕಿಂತ ಒಂದು ಗೇಣು ಕೆಳಗೆ ಬೇರು ಕತ್ತರಿಸಿ. ಬೇಸಿಗೆಯಲ್ಲಿ ಗುದ್ದಲಿ ಇಳಿಯಲ್ಲ. ಕಾಯಿ ತಿಂದ ಮೇಕೆ ಹಿಕ್ಕೆಯಲ್ಲಿ ಬೀಜ ಮೊಳೆಯುತ್ತೆ, ಆ ಹಿಕ್ಕೆ ಗೊಬ್ಬರ ಪೂರ್ತಿ ಕಳಿಯದೆ ತೋಟಕ್ಕೆ ಹಾಕಬೇಡಿ.

ತೆಂಗಿನ ನೆರಳು (ತಿಪಟೂರು)

ಸೀಮೆಜಾಲಿಯನ್ನು ಬರೀ ಶತ್ರು ಅಂತ ನೋಡೋದು ನನಗೆ ಪೂರ್ತಿ ಸರಿ ಕಾಣಲ್ಲ. ಬರಗಾಲದಲ್ಲಿ ಇದರ ಇದ್ದಿಲು, ಸೌದೆ ಎಷ್ಟೋ ಮನೆಗಳ ಒಲೆ ಉರಿಸಿದೆ.

ಬೆಟ್ಟದ ಬುಡ (ಪಾವಗಡ)

ಅಣ್ಣ, ನಮ್ಮ ಮನೆಯ ಒಲೆಯೂ ಅದರಲ್ಲೇ ಉರಿದಿದೆ, ಆ ಋಣ ಮರೆತಿಲ್ಲ. ಗೋಮಾಳದ ಅಂಚಲ್ಲಿ ಇರಲಿ, ಕಡಿದು ಉಪಯೋಗಿಸೋಣ. ಕೆರೆ ಅಂಗಳದಲ್ಲಿ, ಮನೆ ಹಿತ್ತಲಲ್ಲಿ ಬೇಡ ಅನ್ನೋದು ನನ್ನ ವಾದ.

ಹೊಸ ಮನೆ (ಚಿಂತಾಮಣಿ)

ಒಂದು ಸಂದೇಹ. ಮನೆ ಮುಂದೆ ಮುಳ್ಳಿನ ಗಿಡ ಇದ್ದರೆ ಮನೆಯಲ್ಲಿ ಜಗಳ ಅಂತ ನಮ್ಮ ಅತ್ತೆ ಹೇಳ್ತಾರೆ. ನೀವೆಲ್ಲ ಏನಂತೀರಿ?

ಗುಬ್ಬಿ ಮೇಷ್ಟ್ರು (ತುಮಕೂರು ಜಿಲ್ಲೆ)

ಅತ್ತೆಯವರ ಮಾತನ್ನು ಎದುರು ಹಾಕಿಕೊಳ್ಳಬೇಡಿ ತಾಯಿ. ಶಿವನಿಗೆ ಇಡುವ ಬಿಲ್ವಪತ್ರೆ ಮರಕ್ಕೂ ಮುಳ್ಳಿದೆ, ದಸರೆಯಲ್ಲಿ ಪೂಜೆ ಮಾಡುವ ಬನ್ನಿಗೂ ಮುಳ್ಳಿದೆ, ನಿಂಬೆಗೂ ಇದೆ ಅಂತ ಮೆಲ್ಲಗೆ ಹೇಳಿ ನೋಡಿ. ಆದರೆ ಅವರ ಮಾತಲ್ಲಿ ಒಂದು ಸತ್ಯ ಇದೆ. ಬಾಗಿಲಿಗೆ, ದಾರಿಗೆ, ಬಟ್ಟೆ ಒಣಗಿಸುವ ತಂತಿಗೆ, ಮಕ್ಕಳು ಆಡುವ ಜಾಗಕ್ಕೆ ಹತ್ತಿರ ಮುಳ್ಳಿನ ಗಿಡ ಇರಬಾರದು. ಬೆಳೆದು ನಿಂತ ಗಿಡದ ಅಂಚಿನಿಂದ ದಾರಿಗೆ ಮೂರಡಿ ಬಿಟ್ಟರೆ ಸೀರೆ ಸೆರಗು ಸಿಕ್ಕಿಕೊಳ್ಳಲ್ಲ. ನೆಡುವಾಗ ಗಿಡ ಸಣ್ಣದು ಅಂತ ಎಲ್ಲರೂ ಹತ್ತಿರ ನೆಡುತ್ತಾರೆ.

ಚಿಕ್ಕಬಳ್ಳಾಪುರದ ಮೇಡಂ, ನಿಮಗೂ ಇದನ್ನೇ ಹೇಳುತ್ತಿದ್ದೇನೆ. ಕಿತ್ತು ಹಾಕೋದಾ ಇಟ್ಟುಕೊಳ್ಳೋದಾ ಅನ್ನುವುದಕ್ಕಿಂತ ಯಾವ ಗಿಡ ತಪ್ಪು ಜಾಗದಲ್ಲಿದೆ ಅಂತ ನೋಡಿ. ಕಿಟಕಿ ಕೆಳಗಿನ ಗುಲಾಬಿ ಅಲ್ಲೇ ಇರಲಿ, ಕಳ್ಳರಿಗೂ ಅಡ್ಡಿ. ಮೆಟ್ಟಿಲ ಪಕ್ಕ ಇರುವುದನ್ನು ಈಗ ಸವರಿದ ಮೇಲೆ ಬೇರು ಸಮೇತ ಮಣ್ಣಿನ ಹೆಂಟೆ ಕಟ್ಟಿ ಬೇರೆ ಕಡೆ ನೆಡಬಹುದು. ಈ ತಂಪಲ್ಲಿ ಗಿಡ ಬದುಕುತ್ತೆ, ಮಾರ್ಚ್ ಬಂದರೆ ಕಷ್ಟ.

ಹಿತ್ತಲ ಮನೆ (ಚಿಕ್ಕಬಳ್ಳಾಪುರ)

ಇದನ್ನು ಓದಿ ನಮ್ಮ ಯಜಮಾನರಿಗೂ ತೋರಿಸಿದೆ. ಮೆಟ್ಟಿಲ ಪಕ್ಕದ ಎರಡು ಗಿಡ ಮಾತ್ರ ಸ್ಥಳ ಬದಲಿಸೋಣ ಅಂತ ಒಪ್ಪಿದರು. ಪಾಪಾಸುಕಳ್ಳಿ, ಲಂಟಾನ ಉಳಿದಿದೆ. ಕಳ್ಳಿ ಮೇಲೆ ಬಿಳಿ ಹತ್ತಿ ಥರ ಏನೋ ಕೂತಿದೆ.

ಗುಬ್ಬಿ ಮೇಷ್ಟ್ರು (ತುಮಕೂರು ಜಿಲ್ಲೆ)

ಆ ಹತ್ತಿಯನ್ನು ಒಂದು ಕಡ್ಡಿಯಲ್ಲಿ ಒತ್ತಿ ನೋಡಿ. ರಕ್ತದಂಥ ಕೆಂಪು ಬಂದರೆ ಅದು ಕಾಚಿನೀಲ್ ಹುಳು. ಇದಕ್ಕೆ ದೊಡ್ಡ ಚರಿತ್ರೆ ಇದೆ. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಾಲದಲ್ಲಿ ಕೆಂಪು ಬಣ್ಣ ತೆಗೆಯಲು ಬ್ರೆಜಿಲ್‌ನಿಂದ ಈ ಹುಳು ತರಿಸಿದರು. ಬಂದಿದ್ದು ಬೇರೆ ಜಾತಿ. ಒಳ್ಳೆ ಬಣ್ಣ ಸಿಗಲಿಲ್ಲ, ಆದರೆ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಅದು ತಿಂದು ಮುಗಿಸಿತು. ಬೇರೆ ಜಾತಿಯ ಕಳ್ಳಿ ಮಾತ್ರ ದಕ್ಷಿಣದ ಹೊಲಗಳಲ್ಲಿ ಹಬ್ಬುತ್ತಲೇ ಇತ್ತು. 1926ರಲ್ಲಿ ಸಿಲೋನ್‌ನಿಂದ ಮತ್ತೊಂದು ಜಾತಿಯ ಹುಳು ತಂದು ಬಿಟ್ಟ ಮೇಲೆ ಅದೂ ಹತೋಟಿಗೆ ಬಂತು. ಕಳೆಯನ್ನು ಹುಳುವಿನಿಂದ ಹತೋಟಿಗೆ ತಂದ ಕೆಲಸಗಳಲ್ಲಿ ಇದು ಜಗತ್ತಿನಲ್ಲೇ ಬಹಳ ಹಳೆಯದು.

ಕಳ್ಳಿ ಬೇಡ ಅಂದರೆ ಆ ಹುಳುವಿನ ಪಾಡಿಗೆ ಬಿಡಿ. ಬೇಕು ಅಂದರೆ ಜೋರು ನೀರಿನ ಪೈಪ್ ಹಿಡಿದು ತೊಳೆಯಿರಿ. ತೆಗೆಯುವುದಾದರೆ ಇಕ್ಕಳದಲ್ಲಿ ಒಂದೊಂದು ಪಟ್ಟೆ, ಅಂದರೆ ಚಪ್ಪಟೆ ತುಂಡು, ಹಿಡಿದು ಕತ್ತರಿಸಿ. ನೆಲಕ್ಕೆ ಬಿದ್ದ ಒಂದು ಪಟ್ಟೆಯೂ ಬೇರು ಬಿಡುತ್ತೆ, ಎಲ್ಲಾ ಆರಿಸಿಬಿಡಿ. ಗಾಳಿ ಬೀಸುವ ಹೊತ್ತಿನಲ್ಲಿ ಮಾಡಬೇಡಿ.

ದಾದಿ ಅಕ್ಕ (ತುಮಕೂರು)

ಆ ಸಣ್ಣ ರೋಮದ ಮುಳ್ಳು ಕೈಗೆ ಅಂಟಿದರೆ ಉಜ್ಜಬೇಡಿ, ಬಾಯಿಂದ ಎಳೆಯಬೇಡಿ. ಮೊದಲು ಚಿಮಟದಲ್ಲಿ ಸಿಕ್ಕಷ್ಟು ತೆಗೆದು, ಆಮೇಲೆ ಫೆವಿಕಾಲ್ ತೆಳ್ಳಗೆ ಬಳಿದು, ಮೇಲೆ ಒಂದು ಪದರ ಗಾಜ್ ಬಟ್ಟೆ ಇಡಿ. ಪೂರ್ತಿ ಒಣಗಿದ ಮೇಲೆ ಮೆಲ್ಲಗೆ ಸುಲಿದರೆ ಬಹುಪಾಲು ಅದರ ಜೊತೆಗೇ ಬರುತ್ತೆ. ಆ ದಿನ ಹಾಕಿದ ಬಟ್ಟೆಯನ್ನು ಮಗುವಿನ ಬಟ್ಟೆ ಜೊತೆ ಒಗೆಯಬೇಡಿ.

ಬೆಟ್ಟದ ಬುಡ (ಪಾವಗಡ)

ಲಂಟಾನಕ್ಕೆ ಮೇಲೆ ಕತ್ತರಿಸುವುದು ದಂಡ. ಬುಡದ ಹತ್ತಿರ ಮಣ್ಣು ಸರಿಸಿ, ನೆಲಕ್ಕಿಂತ ಎರಡು ಇಂಚು ಕೆಳಗೆ ತಾಯಿಬೇರು ಕತ್ತರಿಸಿ, ಇಡೀ ಪೊದೆಯನ್ನು ಬುಡ ಮೇಲು ಮಾಡಿ ಒಣಗಲು ಬಿಡಿ. ಹಣ್ಣು ಕಪ್ಪಾಗುವ ಮೊದಲೇ ಮಾಡಬೇಕು, ಇಲ್ಲದಿದ್ದರೆ ಪಿಕಳಾರ ಹಕ್ಕಿಗಳು ತಿಂದು ಬೀಜ ಎಲ್ಲಾ ಕಡೆ ಹಾಕುತ್ತವೆ. ಹಸು, ಕುರಿಗೆ ಅದರ ಸೊಪ್ಪು ವಿಷ. ಕಡಿಯುವ ಮುಂಚೆ ಕೋಲಿನಿಂದ ಪೊದೆಯನ್ನು ಚೆನ್ನಾಗಿ ಬಡಿಯಿರಿ. ಒಳಗೆ ಕೊಳಕುಮಂಡಲ ಹಾವು ಇರಬಹುದು, ಹಕ್ಕಿ ಗೂಡೂ ಇರಬಹುದು. ಗೂಡಲ್ಲಿ ಮೊಟ್ಟೆ, ಮರಿ ಇದ್ದರೆ ಆ ಒಂದು ಪೊದೆ ಬಿಟ್ಟುಬಿಡಿ.

ತಾರಸಿ ತೋಟ (ಕೋಲಾರ)

ಇಷ್ಟು ಹೊತ್ತು ನಮ್ಮ ಕೈ ಕಾಲಿನ ಬಗ್ಗೆಯೇ ಮಾತಾಡಿದ್ದೇವೆ. ಸವರಿದ ಮೇಲೆ ಆ ಮುಳ್ಳಿನ ಕಡ್ಡಿ ಎಲ್ಲಿಗೆ ಹೋಗುತ್ತೆ? ನನಗೆ ಈ ವಿಷಯ ತುಂಬಾ ಮುಖ್ಯ. ನಮ್ಮ ಬೀದಿಗೆ ಕಸದ ಗಾಡಿ ತರುವ ಅಮ್ಮ ಒಂದು ದಿನ ಅಂಗೈ ತೋರಿಸಿದರು. ಯಾರೋ ತರಕಾರಿ ಸಿಪ್ಪೆಯ ಚೀಲದೊಳಗೆ ಗುಲಾಬಿ ಕಡ್ಡಿ ತುರುಕಿದ್ದರು. ಅವರು ಚೀಲವನ್ನು ಕೆಳಗಿನಿಂದ ಎತ್ತಿದ್ದಾರೆ, ಮುಳ್ಳು ಆಳಕ್ಕೆ ಹೋಗಿದೆ. ಹಸಿ ಕಸ, ಒಣ ಕಸ ಬೇರೆ ಮಾಡುವವರು ಅವರೇ, ಕೈ ಹಾಕದೆ ಬೇರೆ ದಾರಿ ಇಲ್ಲ. ನಮ್ಮ ತೋಟದ ಹೂವಿಗೆ ಅವರು ಯಾಕೆ ರಕ್ತ ಕೊಡಬೇಕು?

ದಯವಿಟ್ಟು ಮುಳ್ಳಿನ ಕಡ್ಡಿಯನ್ನು ಕಸದ ಚೀಲಕ್ಕೆ ಹಾಕಬೇಡಿ. ಗೇಣುದ್ದ ತುಂಡು ಮಾಡಿ ತಾರಸಿಯ ಮೂಲೆಯಲ್ಲಿ ಹಳೇ ಬಕೆಟ್‌ನಲ್ಲಿ ಹಾಕಿಡಿ. ಬಿಸಿಲಿಗೆ ಒಣಗಿ ಮುರುಕಾಗುತ್ತೆ. ಒಣಗಿದ್ದನ್ನು ದೊಡ್ಡ ಕುಂಡದ ತಳಕ್ಕೆ ಹಾಕಿ ಮೇಲೆ ಮಣ್ಣು ತುಂಬಿ. ಕೊಡಲೇಬೇಕಾದರೆ ರಟ್ಟಿನ ಡಬ್ಬಿಯಲ್ಲಿ ಹಾಕಿ, ಟೇಪ್ ಸುತ್ತಿ, ಮೇಲೆ ದಪ್ಪಕ್ಷರದಲ್ಲಿ ಮುಳ್ಳು ಅಂತ ಬರೆದು, ಕೈಗೆ ಕೊಡುವಾಗ ಬಾಯಲ್ಲೂ ಹೇಳಿ.

ಹಣ್ಣಿನ ತೋಟ (ಶ್ರೀನಿವಾಸಪುರ)

ಮನಸ್ಸಿಗೆ ತಟ್ಟಿತು. ನಮ್ಮ ಬೀದಿಯವರಿಗೂ ಇದನ್ನು ಹೇಳುತ್ತೇನೆ. ಜಾಗ ಇರುವವರು ಅದೇ ಕಡ್ಡಿಯನ್ನು ಹೊಸ ಒಟ್ಟಲಿನ, ಅಂದರೆ ಬೀಜ ಚೆಲ್ಲಿದ ಮಡಿಯ, ಸುತ್ತ ಹರಡಿ. ಕೋಳಿ, ಬೆಕ್ಕು ಕೆದರಲ್ಲ. ನವಿಲು ಕಾಟ ಇರುವ ಕಡೆ ಸಸಿ ಪಾತಿಗೂ ಆಗುತ್ತೆ. ಮನೆ ಗೋಡೆಗೆ ಒರಗಿಸಿ ರಾಶಿ ಮಾತ್ರ ಹಾಕಬೇಡಿ, ಇಲಿ ಸೇರುತ್ತೆ, ಇಲಿ ಹಿಂದೆ ಹಾವು ಬರುತ್ತೆ.

ತೆಂಗಿನ ನೆರಳು (ತಿಪಟೂರು)

ಕಳೆ ವಿಷಯ ಯಾರೂ ಹೇಳಲಿಲ್ಲ. ಈ ತಿಂಗಳಲ್ಲಿ ಹಳದಿ ಹೂವಿನ ದತ್ತೂರಿ ಮೊಳೆಯುತ್ತೆ. ಎಲೆ ಮೇಲೆ ಬಿಳಿ ಗೆರೆ, ಅಂಚಿಗೆಲ್ಲ ಮುಳ್ಳು, ಮುರಿದರೆ ಹಳದಿ ಹಾಲು. ನಾಲ್ಕು ಎಲೆ ಇರುವಾಗಲೇ ಕೀಳಿ, ದೊಡ್ಡದಾದರೆ ಮುಟ್ಟಕ್ಕಾಗಲ್ಲ. ಬೀಜ ಸಾಸಿವೆ ಥರವೇ ಕಾಣುತ್ತೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಇದರ ಎಣ್ಣೆ ಬೆರೆತು ಜನ ಮೈ ಊದಿ ಸತ್ತರು. ಮನೆಯಲ್ಲಿ ಸಾಸಿವೆ ಬೆಳೆಯುವವರು ಹುಷಾರು. ಮುಳ್ಳು ದಂಟನ್ನೂ ಈಗಲೇ ತೆಗೀರಿ. ಒಂದು ದಿನ ಮೊದಲು ನೀರು ಹಾಯಿಸಿದರೆ ಬೇರು ಸಮೇತ ಬರುತ್ತೆ.

ಬುಡಕ್ಕೆ ಮುಚ್ಚಿಗೆ ಬೇಕಲ್ಲ, ಈ ಕಾಲದಲ್ಲಿ ಎಲ್ಲರ ಮನೆಯಲ್ಲೂ ಅವರೆಕಾಯಿ ಸಿಪ್ಪೆ ರಾಶಿ ಬೀಳುತ್ತೆ. ಎರಡು ದಿನ ಬಾಡಿಸಿ ಗುಲಾಬಿ ಬುಡಕ್ಕೆ ಹರಡಿ. ಕಾಂಡಕ್ಕೆ ತಾಗಿಸಬೇಡಿ, ಒಂದು ಹಿಡಿ ಜಾಗ ಬಿಡಿ. ಕಡಲೆಕಾಯಿ ಹೊಟ್ಟು, ತೆಂಗಿನ ನಾರಿನ ಪುಡಿಯೂ ಆಗುತ್ತೆ. ರಾಗಿ ಹುಲ್ಲು ದನಕ್ಕೆ ಇರಲಿ.

ಹಿತ್ತಲ ಮನೆ (ಚಿಕ್ಕಬಳ್ಳಾಪುರ)

ಎಲ್ಲರಿಗೂ ಕೈಮುಗಿದು ಧನ್ಯವಾದ. ಭಾನುವಾರ ಶುರು ಮಾಡುತ್ತೇವೆ. ಲಂಟಾನ ಪೂರ್ತಿ ಹೋಗುತ್ತೆ. ಕಳ್ಳಿಯಲ್ಲಿ ಮಗಳ ಆಟದ ಕಡೆ ಇರುವ ಅರ್ಧ ಹೋಗುತ್ತೆ. ಉಳಿದದ್ದೆಲ್ಲ ಇರುತ್ತೆ. ಮಾವನವರಿಗೆ ಕ್ಯಾನ್ವಾಸ್ ಶೂ ತಂದಿದ್ದೇವೆ, ಯಾವ ಗುಲಾಬಿ ನಾಟಿ ಅಂತ ಆಗಲೇ ಪಟ್ಟಿ ಹೇಳುತ್ತಿದ್ದಾರೆ. ಒಂದೇ ಒಂದು ಪ್ರಶ್ನೆ ಉಳಿದಿದೆ. ಆ ಚರ್ಮದ ಗ್ಲೌಸು ಒದ್ದೆಯಾದರೆ ಏನು ಮಾಡಬೇಕು?

ದಾದಿ ಅಕ್ಕ (ತುಮಕೂರು)

ಗ್ಲೌಸಿಗೆ ಉತ್ತರ ಪಾವಗಡದ ಅಣ್ಣ ಕೊಡಲಿ. ಶೂ ಬಗ್ಗೆ ನಾನು ಹೇಳ್ತೀನಿ. ಕ್ಯಾನ್ವಾಸ್ ಬಟ್ಟೆಯದ್ದು, ಪಕ್ಕದಿಂದ ಮುಳ್ಳು ತೂರುತ್ತೆ. ಅವರು ಕುರ್ಚಿಯಲ್ಲಿ ಕೂರುವಾಗ ಪರವಾಗಿಲ್ಲ, ಓಡಾಡುವುದಾದರೆ ಚರ್ಮದ್ದೋ ರಬ್ಬರಿನದ್ದೋ ಇರಲಿ. ಒಳಗೆ ಹತ್ತಿ ಕಾಲುಚೀಲ ಹಾಕಿಸಿ. ಶೂ ಬಿಗಿ ಆಗಬಾರದು, ಉಜ್ಜಿ ಗುಳ್ಳೆ ಬಂದರೆ ಅದೂ ಗಾಯವೇ.

ಬೆಟ್ಟದ ಬುಡ (ಪಾವಗಡ)

ಗ್ಲೌಸನ್ನು ನೆರಳಲ್ಲಿ ಒಣಗಿಸಿ. ಬಿಸಿಲಿಗೋ ಒಲೆ ಹತ್ತಿರವೋ ಇಟ್ಟರೆ ಚರ್ಮ ಗಡುಸಾಗಿ ಬಿರುಕು ಬಿಡುತ್ತೆ. ಒಣಗಿದ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಹೊರಗಡೆ ಅಂಟಿಕೊಂಡ ಮುಳ್ಳಿನ ಚೂರುಗಳನ್ನು ಇಕ್ಕಳದಲ್ಲಿ ತೆಗೆದಿಡಿ, ಇಲ್ಲದಿದ್ದರೆ ಮುಂದಿನ ಸಲ ಒಳಕ್ಕೆ ತೂರುತ್ತೆ. ಶೆಡ್‌ನಲ್ಲಿ ಇಡುವುದಾದರೆ ನೇತು ಹಾಕಿ. ಹಾಕಿಕೊಳ್ಳುವ ಮುಂಚೆ ಪ್ರತಿ ಸಲ ಕೊಡವಿ ನೋಡಿ, ಚಳಿಗೆ ಚೇಳು ಒಳಗೆ ಸೇರಿಕೊಂಡಿರುತ್ತೆ.